ಯಾವ ಬೈಬಲ್ ಓದಬೇಕು, ಪಾಸ್ಟರ್?

ಬುಧವಾರ ಸಂಜೆಯ ವಾಕ್ಯಾಧ್ಯಯನ
ವಾಕ್ಯಭಾಗ: ನೆಹೆಮೀಯ 8:1-12, ಅಪೊಸ್ತಲರ ಕೃತ್ಯಗಳು 8:26-35

ಮಳೆ ಇದ್ದರೂ ಇಷ್ಟು ಜನ ಬಂದಿದ್ದೀರಿ, ದೇವರಿಗೆ ಸ್ತೋತ್ರ. ಕೂತುಕೊಳ್ಳಿ.

ಇವತ್ತು ಕೊರಿಂಥದ ಪತ್ರಿಕೆ ಮುಂದುವರಿಸಬೇಕಾಗಿತ್ತು. ಅದನ್ನ ಒಂದು ವಾರ ನಿಲ್ಲಿಸ್ತಾ ಇದ್ದೀನಿ. ಕಾರಣ ಏನು ಅಂದರೆ, ಹೋದ ವಾರ ನಮ್ಮ ಸಭೆಯ ಒಬ್ಬ ಸಹೋದರಿ ಮನೆಗೆ ಬಂದು ಒಂದು ಪ್ರಶ್ನೆ ಕೇಳಿದರು. ಅವರ ಒಪ್ಪಿಗೆ ತಗೊಂಡೇ ಹೇಳ್ತಾ ಇದ್ದೀನಿ, ಹೆಸರು ಹೇಳಲ್ಲ. ವಯಸ್ಸು ಅರವತ್ತು ದಾಟಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ದೀಕ್ಷಾಸ್ನಾನ ತಗೊಂಡ ಮೇಲೆ ಪ್ರತಿ ಜನವರಿ ಒಂದನೇ ತಾರೀಕು ಆದಿಕಾಂಡದಿಂದ ಶುರು ಮಾಡ್ತಾರೆ, ಯಾಜಕಕಾಂಡ ಬರೋ ಹೊತ್ತಿಗೆ ನಿಂತುಹೋಗುತ್ತೆ. ಪ್ರಾರ್ಥನಾ ಕೂಟದಲ್ಲಿ ವಚನ ಓದೋ ಸರದಿ ಬಂದರೆ "ಕನ್ನಡಕ ತಂದಿಲ್ಲ" ಅಂತ ಪಕ್ಕದವರಿಗೆ ಕೊಡ್ತಾರೆ. ಕನ್ನಡಕ ಬ್ಯಾಗಿನಲ್ಲೇ ಇರುತ್ತೆ.

ಅವರ ಮೊಮ್ಮಗ ಅವರ ಫೋನಿನಲ್ಲಿ ಸುಲಭ ಕನ್ನಡದ ಒಂದು ಬೈಬಲ್ ಹಾಕಿಕೊಟ್ಟ. ಗಲಾತ್ಯ ಪತ್ರಿಕೆ ತೆಗೆದರಂತೆ. ಒಂದೇ ರಾತ್ರಿ ಆರು ಅಧ್ಯಾಯ ಓದಿ ಮುಗಿಸಿದರಂತೆ. ಮೂರನೇ ಅಧ್ಯಾಯದ ಹದಿಮೂರನೇ ವಚನಕ್ಕೆ ಬಂದಾಗ ಅತ್ತುಬಿಟ್ಟರಂತೆ. ಅಲ್ಲಿ ಪೌಲನು ಹೇಳೋದು ನಿಮಗೆ ಗೊತ್ತು: ಕ್ರಿಸ್ತನು ತಾನೇ ನಮ್ಮ ಬದಲು ಶಾಪವಾಗಿ ನಮ್ಮನ್ನು ಶಾಪದಿಂದ ಬಿಡಿಸಿದ್ದಾನೆ. ಈ ಸಹೋದರಿಯ ಯಜಮಾನರು ತೀರಿಕೊಂಡು ಒಂಬತ್ತು ವರ್ಷ ಆಯ್ತು. ಆ ತಿಂಗಳು ಉಪವಾಸ ಪ್ರಾರ್ಥನೆ ತಪ್ಪಿಸಿದ್ದಕ್ಕೇ ದೇವರು ಯಜಮಾನರನ್ನ ತಗೊಂಡ ಅಂತ ಒಂಬತ್ತು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ. "ಆ ವಚನ ಮೊದಲೂ ಓದಿದ್ದೆ ಪಾಸ್ಟರ್, ಆದ್ರೆ ಒಳಗೆ ಇಳಿದಿರಲಿಲ್ಲ" ಅಂದರು.

ಆಮೇಲೆ ಏನಾಯ್ತು? ಕೂಟದಲ್ಲಿ ಸಂತೋಷದಿಂದ ಸಾಕ್ಷಿ ಹೇಳಿದರು. ಒಬ್ಬರು ಫೋನ್ ತಗೊಂಡು ನೋಡಿ, "ಅಕ್ಕಾ, ಇದು ಸರಿಯಾದ ಸತ್ಯವೇದ ಅಲ್ಲ, ಇದರಲ್ಲಿ ವಾಕ್ಯ ಬದಲಾಯಿಸಿದ್ದಾರೆ" ಅಂದುಬಿಟ್ಟರು. ಅವತ್ತಿಂದ ಈ ಸಹೋದರಿ ಫೋನೂ ತೆಗೆದಿಲ್ಲ, ಹಳೆಯ ಸತ್ಯವೇದವನ್ನೂ ತೆಗೆದಿಲ್ಲ. ಎರಡು ತಿಂಗಳು. ನನ್ನ ಹತ್ತಿರ ಬಂದು ಕೇಳಿದ್ದು ಇದು: "ಪಾಸ್ಟರ್, ನಾನು ಅದನ್ನ ಓದಿದ್ದು ಪಾಪ ಆಯ್ತಾ?"

ಹಾಗೆ ಅಂದವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಆ ಮಾತು ಅವರಿಗೆ ಎಲ್ಲಿಂದ ಬಂತು ಅಂತ ವಿಚಾರಿಸಿದೆ. ಇಲ್ಲಿಂದಲೇ, ಈ ಪ್ರಸಂಗಪೀಠದಿಂದಲೇ ಹೋಗಿತ್ತು. ಮೂರು ವರ್ಷದ ಹಿಂದೆ ಯಾವುದೋ ಒಂದು ಪ್ರಸಂಗದ ಮಧ್ಯೆ "ಈಗಿನ ಹೊಸ ಬೈಬಲ್‌ಗಳನ್ನೆಲ್ಲ ನಂಬಬೇಡಿ" ಅಂತ ನಾನೇ ಹೇಳಿದ್ದೆ. ಒಂದೇ ವಾಕ್ಯ, ವಿವರಣೆ ಇಲ್ಲ. ಅದಕ್ಕೆ ಇವತ್ತು ವಿವರಣೆ ಕೊಡೋದು ನನ್ನ ಸಾಲ. ಆ ಸಹೋದರಿ ಹತ್ತಿರ ಕ್ಷಮೆ ಕೇಳಿದ್ದೀನಿ, ನಿಮ್ಮ ಹತ್ತಿರವೂ ಕೇಳ್ತೀನಿ.

ನೆಹೆಮೀಯ 8 ತೆಗೆಯಿರಿ. ನೀರುಬಾಗಿಲಿನ ಎದುರಿನ ಬಯಲಿನಲ್ಲಿ ಜನರೆಲ್ಲ ಸೇರಿದ್ದಾರೆ. ಎಜ್ರನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರ ಓದ್ತಾನೆ. ಎಂಟನೇ ವಚನದಲ್ಲಿ ಲೇವಿಯರು ಬರೀ ಓದಿ ಸುಮ್ಮನಾಗಲಿಲ್ಲ, ಜನರಿಗೆ ತಿಳಿಯೋ ಹಾಗೆ ಅರ್ಥ ಬಿಡಿಸಿ ಹೇಳಿದರು. ಒಂಬತ್ತನೇ ವಚನದಲ್ಲಿ ಜನ ಅಳ್ತಾರೆ. ಹನ್ನೆರಡನೇ ವಚನದಲ್ಲಿ ಹಬ್ಬ ಮಾಡ್ತಾರೆ. ಯಾಕೆ ಹಬ್ಬ? ಕೇಳಿದ ಮಾತು ಅರ್ಥ ಆಯ್ತು, ಅದಕ್ಕೆ. ಆ ರಾತ್ರಿ ಈ ಸಹೋದರಿಯ ಮನೆಯಲ್ಲಿ ನಡೆದದ್ದೂ ಇದೇ ಅಲ್ವಾ? ಆಮೆನ್ ಹೇಳಿ ಯಾರಾದರೂ.

ಅ.ಕೃ. 8ರಲ್ಲಿ ಐಥಿಯೋಪ್ಯದ ಕಂಚುಕಿ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದ್ತಾ ಇದ್ದಾನೆ. ಫಿಲಿಪ್ಪನು ಕೇಳಿದ ಮೊದಲ ಪ್ರಶ್ನೆ ಏನು? ಓದೋದು ಅರ್ಥ ಆಗ್ತಾ ಇದೆಯಾ ಅಂತ. ಇನ್ನೊಂದು ವಿಷಯ ಗಮನಿಸಿ. ಅಲ್ಲಿ ಲೂಕನು ಬರೆದಿರೋ ಯೆಶಾಯನ ಮಾತುಗಳನ್ನ ನಮ್ಮ ಹಳೆಯ ಒಡಂಬಡಿಕೆಯ ಯೆಶಾಯ 53ರ ಪಕ್ಕ ಇಟ್ಟು ನೋಡಿ, ಸ್ವಲ್ಪ ವ್ಯತ್ಯಾಸ ಕಾಣುತ್ತೆ. ಯಾಕಂದರೆ ನಮ್ಮ ಯೆಶಾಯ ಇಬ್ರಿಯದಿಂದ ಬಂದದ್ದು. ಲೂಕನು ಕೊಟ್ಟಿರೋದು ಸೆಪ್ಟುವಜಿಂಟ್, ಅಂದರೆ ಕ್ರಿಸ್ತನಿಗಿಂತ ಮುಂಚೆಯೇ ಯೆಹೂದ್ಯರು ಗ್ರೀಕ್ ಭಾಷೆಗೆ ಮಾಡಿಕೊಂಡಿದ್ದ ಅನುವಾದದಿಂದ. ಅಪೊಸ್ತಲರೂ ಅನುವಾದ ಬಳಸಿದರು ಪ್ರಿಯರೇ. ಪಂಚಾಶತ್ತಮ ದಿನದಲ್ಲಿ ಪವಿತ್ರಾತ್ಮನು ಎಲ್ಲರಿಗೂ ಇಬ್ರಿಯ ಕಲಿಸಲಿಲ್ಲ. ಪಾರ್ಥ್ಯರು, ಮೇದ್ಯರು, ಏಲಾಮ್ಯರು ಎಲ್ಲರೂ ಅವರವರ ಹುಟ್ಟುಭಾಷೆಯಲ್ಲೇ ದೇವರ ಮಹತ್ತಾದ ಕೆಲಸಗಳನ್ನ ಕೇಳಿದರು. ಪೆಂತೆಕೋಸ್ತ್ ಅಂತ ಹೆಸರಿಟ್ಟುಕೊಂಡ ನಾವು ಅನುವಾದಕ್ಕೆ ಹೆದರಬಾರದು.

ನಮ್ಮ ಕೈಲಿರೋ ಕಪ್ಪು ಹೊದಿಕೆಯ ಸತ್ಯವೇದವೂ ಆಕಾಶದಿಂದ ಕನ್ನಡದಲ್ಲೇ ಇಳಿದು ಬಂದದ್ದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅನ್ನೋ ದೈವಸೇವಕ ಬಳ್ಳಾರಿಯಲ್ಲಿ ಕೂತು ವರ್ಷಗಟ್ಟಲೆ ದುಡಿದರು, ಜೊತೆಗೆ ಇನ್ನೂ ಕೆಲವರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಆಮೇಲೆ ಬಾಸೆಲ್ ಮಿಷನ್ನಿನ ಮೊಗ್ಲಿಂಗ್, ವೈಗ್ಲೆ ಮುಂತಾದವರು ಅದನ್ನ ತಿದ್ದಿದರು. ಆಮೇಲೂ ತಿದ್ದುಪಡಿ ನಡೆದಿದೆ. ನಾವು "ಹಳೆಯದು" ಅನ್ನೋದು ಒಂದು ಕಾಲದಲ್ಲಿ "ಹೊಸ ಬೈಬಲ್" ಆಗಿತ್ತು. ಅವತ್ತೂ ಯಾರೋ ಒಬ್ಬರು ಅದನ್ನ ನಂಬಬೇಡಿ ಅಂದಿರಬಹುದು!

ಸರಿ, ಈಗ ಅನುವಾದಗಳಲ್ಲಿ ವ್ಯತ್ಯಾಸ ಯಾಕೆ ಬರುತ್ತೆ? ಒಂದು ಉದಾಹರಣೆ ಸಾಕು. ವಿಮೋಚನಕಾಂಡ 34:6ರಲ್ಲಿ ದೇವರು ಮೋಶೆಗೆ ತನ್ನ ಗುಣ ತಿಳಿಸುವಾಗ ಇಬ್ರಿಯದಲ್ಲಿ ಇರೋ ಮಾತನ್ನ ಪದಕ್ಕೆ ಪದ ಹಾಕಿದರೆ "ಮೂಗು ಉದ್ದ ಇರುವವನು" ಅಂತ ಆಗುತ್ತೆ. ನಗಬೇಡಿ. ಇಬ್ರಿಯದಲ್ಲಿ ಮೂಗಿಗೂ ಕೋಪಕ್ಕೂ ಒಂದೇ ಪದ. ನಮ್ಮಲ್ಲೂ "ಅವನಿಗೆ ಮೂಗಿನ ತುದಿಯಲ್ಲೇ ಕೋಪ" ಅಂತೀವಲ್ಲ? ಮೂಗು ಉದ್ದ ಇದ್ದರೆ ಕೋಪ ತುದಿಗೆ ಬರೋಕೆ ಹೊತ್ತು ಹಿಡಿಯುತ್ತೆ! ನಮ್ಮ ಹಿರಿಯ ಅನುವಾದಕರು ಅಲ್ಲಿ "ದೀರ್ಘಶಾಂತ" ಅಂತ ಹಾಕಿದರು. "ದೀರ್ಘ" ಉಳಿಯಿತು, ಮೂಗು ಹೋಯಿತು, ಅರ್ಥ ಬಂತು. ಎಷ್ಟು ಚೆನ್ನಾದ ಕೆಲಸ ನೋಡಿ. ಅಂದರೆ ಪದಕ್ಕೆ ಪದ ಹಿಡಿಯೋ ಅನುವಾದವೂ ಕೆಲವು ಕಡೆ ಅರ್ಥಕ್ಕೇ ಹೋಗಬೇಕು. ಕೆಲವು ಅನುವಾದಗಳು ಮೂಲದ ಪದಗಳಿಗೆ ಹತ್ತಿರ ನಿಲ್ಲುತ್ತವೆ, ಕೆಲವು ಓದುಗನಿಗೆ ಹತ್ತಿರ ಬರುತ್ತವೆ. ಇಂಗ್ಲಿಷಿನ ದಿ ಮೆಸೇಜ್ ಥರದ್ದು ಇನ್ನೂ ದೂರ ಹೋಗಿ ಒಬ್ಬ ಪಾಸ್ಟರ್ ತನ್ನ ಮಾತಿನಲ್ಲಿ ಹೇಳಿದ ಹಾಗಿರುತ್ತೆ. ಅದನ್ನ ಪ್ರಸಂಗ ಕೇಳಿದ ಹಾಗೆ ಓದಿ, ಆದರೆ ಅದೊಂದನ್ನೇ ಇಟ್ಟುಕೊಂಡು ಅಧ್ಯಯನ ಮಾಡಬೇಡಿ.

ಕನ್ನಡದಲ್ಲಿ ಈಗ ಏನೇನಿದೆ? ಬೈಬಲ್ ಸೊಸೈಟಿಯ ಜೆ.ವಿ. ಅನ್ನೋದು ನಮ್ಮ ಸಭೆಯಲ್ಲಿ ಓದೋದು. ಪದಗಳಿಗೆ ಹತ್ತಿರ, ಭಾಷೆ ಸ್ವಲ್ಪ ಗಟ್ಟಿ. ಅದೇ ಸೊಸೈಟಿಯ ಸಿ.ಎಲ್. ಇದೆ, ಬಳಕೆಯ ಕನ್ನಡದ್ದು. ಇ.ಆರ್.ವಿ. ಅಂತ ಈಸಿ-ಟು-ರೀಡ್ ಇದೆ, ನಮ್ಮ ಸಹೋದರಿ ಓದಿದ್ದು ಅದು. ಸಮಕಾಲಿಕ ಅನುವಾದ ಅಂತ ಒಂದಿದೆ, ಇಂಡಿಯನ್ ರಿವೈಸ್ಡ್ ವರ್ಷನ್ ಅಂತ ಒಂದಿದೆ. ಇವೆಲ್ಲ ಫೋನಿನಲ್ಲಿ ದುಡ್ಡಿಲ್ಲದೆ ಸಿಗುತ್ತವೆ.

ಸಿ.ಎಲ್. ಬಗ್ಗೆ ತುಂಬಾ ಜನ ಕೇಳ್ತಾರೆ. ಅದರಲ್ಲಿ "ಯೆಹೋವ" ಇಲ್ಲ, "ಸರ್ವೇಶ್ವರ" ಅಂತ ಇದೆ, ಇದು ನಮ್ಮದಲ್ಲ ಅಂತ. ನನಗೂ ಆ ಪದದಲ್ಲಿ ಪ್ರಾರ್ಥನೆ ಮಾಡೋಕೆ ಬಾಯಿ ಬರಲ್ಲ, ಸುಳ್ಳು ಹೇಳಲ್ಲ. ಆದರೆ "ದೇವರು" ಅನ್ನೋ ಪದವೂ ಮಿಷನರಿಗಳು ತಂದದ್ದಲ್ಲ, ಮೊದಲೇ ನಮ್ಮ ಊರಲ್ಲಿ ಇತ್ತು. ಹೊಸ ಒಡಂಬಡಿಕೆ ಬರೆದವರೂ ದೇವರ ಇಬ್ರಿಯ ಹೆಸರಿನ ಜಾಗದಲ್ಲಿ "ಕರ್ತನು" ಅನ್ನೋ ಗ್ರೀಕ್ ಪದವನ್ನೇ ಬರೆದರು. ಅದಕ್ಕೆ ಇಷ್ಟ ಇಲ್ಲ ಅಂತ ಹೇಳಿ, ತಪ್ಪಿಲ್ಲ. ದೇವರ ವಾಕ್ಯ ಅಲ್ಲ ಅಂತ ಹೇಳಬೇಡಿ.

ಇನ್ನೊಂದು, ಮರ್ಯಾದೆ ವಿಷಯ. ಜೆ.ವಿ.ಯಲ್ಲಿ ಯೇಸು "ಹೇಳಿದನು", ಸಿ.ಎಲ್.ನಲ್ಲಿ "ಹೇಳಿದರು". ಹೊಸದಾಗಿ ಸಭೆಗೆ ಬಂದ ಒಬ್ಬ ತಮ್ಮ ಕೇಳಿದ, "ನಮ್ಮ ಊರಿನ ಮೇಷ್ಟ್ರಿಗೇ ಬಹುವಚನ ಕೊಡ್ತೀವಿ, ಯೇಸುವಿಗೆ ಏಕವಚನನಾ?" ಒಳ್ಳೆ ಪ್ರಶ್ನೆ. ಗ್ರೀಕಿನಲ್ಲಿ ಈ ಮರ್ಯಾದೆಯ ಬಹುವಚನ ಇಲ್ಲ. "ಹೇಳಿದನು" ಅಂದರೆ ಅವಮಾನ ಅಲ್ಲ, ತಾಯಿಯನ್ನೂ ದೇವರನ್ನೂ ನಾವು "ನೀನು" ಅಂತೀವಿ. "ಹೇಳಿದರು" ಅಂದರೆ ಕನ್ನಡದವನ ಕಿವಿಗೆ ಹಿತ. ಆದರೆ ಅಧ್ಯಯನ ಮಾಡುವಾಗ "ಅವರು" ಅಂದರೆ ಯೇಸು ಒಬ್ಬನಾ, ಶಿಷ್ಯರೂ ಸೇರಿದ್ದಾರಾ ಅಂತ ಕೆಲವು ಕಡೆ ಗೊತ್ತಾಗಲ್ಲ. ಆಗ ಹಳೆಯದನ್ನ ತೆಗೆದು ನೋಡಿ, ಒಂದು ನಿಮಿಷದ ಕೆಲಸ.

ಈಗ ನನ್ನ ಒಂದು ಕಥೆ ಹೇಳ್ತೀನಿ, ಪಾಸ್ಟರಮ್ಮನವರು ನಗ್ತಾರೆ. ಸೇವೆ ಶುರು ಮಾಡಿದ ಹೊಸದರಲ್ಲಿ ಯೋಹಾನ 1ರ ಮೇಲೆ ನಲವತ್ತು ನಿಮಿಷ ಪ್ರಸಂಗ ಮಾಡಿದೆ. ವಿಷಯ ಏನು? "ಅಣ್ಣನನ್ನು ಕರೆತಂದ ತಮ್ಮ." ಅಂದ್ರೆಯನು ಚಿಕ್ಕವನು, ಪೇತ್ರನು ದೊಡ್ಡವನು, ಚಿಕ್ಕವರು ಹೇಳಿದರೆ ದೊಡ್ಡವರು ಕೇಳಲ್ಲ, ಆದರೂ ಈ ತಮ್ಮ ಧೈರ್ಯ ಮಾಡಿದ... ಸಭೆಯಲ್ಲಿ ಎಷ್ಟೋ ತಮ್ಮಂದಿರು ಅತ್ತರು. ಕೂಟ ಮುಗಿದ ಮೇಲೆ ಇಂಗ್ಲಿಷ್ ಬೈಬಲ್ ಹಿಡಿದಿದ್ದ ಒಬ್ಬ ಹುಡುಗ ಬಂದು, "ಅಂಕಲ್, ಇಲ್ಲಿ ಬರೀ ಬ್ರದರ್ ಅಂತ ಇದೆ, ಚಿಕ್ಕವನು ಅಂತ ಎಲ್ಲಿದೆ?" ಅಂದ. ಎಲ್ಲೂ ಇಲ್ಲ! ಗ್ರೀಕಿನ ಪದಕ್ಕೆ ಸಹೋದರ ಅಂತ ಅಷ್ಟೇ ಅರ್ಥ. ಕನ್ನಡದಲ್ಲಿ ಸಹಜವಾಗಿ ಬರೆಯಬೇಕಾದರೆ ಅಣ್ಣ ಅಥವಾ ತಮ್ಮ ಅನ್ನಲೇಬೇಕು, ಅನುವಾದಕರು "ತಮ್ಮ" ಅಂತ ಆರಿಸಿಕೊಂಡರು. ಅವರದು ತಪ್ಪಲ್ಲ. ಆ ಒಂದು ಪದದ ಮೇಲೆ ಮಹಡಿ ಕಟ್ಟಿದ್ದು ನನ್ನ ತಪ್ಪು. ಎರಡು ಅನುವಾದ ಪಕ್ಕಪಕ್ಕ ಇಟ್ಟುಕೊಂಡಿದ್ದರೆ ಆ ನಲವತ್ತು ನಿಮಿಷ ಉಳೀತಿತ್ತು.

ಆದರೆ ಕನ್ನಡವೇ ಇಂಗ್ಲಿಷಿಗಿಂತ ಸ್ಪಷ್ಟ ಇರೋ ಜಾಗಗಳೂ ಇವೆ. ಕಾಲೇಜಿನ ಮಕ್ಕಳು ಇದನ್ನ ಕೇಳಿಸಿಕೊಳ್ಳಿ. ಇಂಗ್ಲಿಷಿನಲ್ಲಿ "ಯು" ಅಂದರೆ ಒಬ್ಬನಾ, ಹತ್ತು ಜನನಾ ಗೊತ್ತಾಗಲ್ಲ. ಲೂಕ 22:31-32 ನೋಡಿ. ಸೈತಾನನು ಕೇಳಿಕೊಂಡದ್ದು "ನಿಮ್ಮನ್ನು", ಅಂದರೆ ಶಿಷ್ಯರೆಲ್ಲರನ್ನು. ಯೇಸು ಪ್ರಾರ್ಥಿಸಿದ್ದು "ನಿನಗೋಸ್ಕರ", ಪೇತ್ರನೊಬ್ಬನಿಗಾಗಿ. ಬಲೆ ಎಲ್ಲರ ಮೇಲೆ, ಪ್ರಾರ್ಥನೆ ಹೆಸರು ಹಿಡಿದು ಒಬ್ಬನಿಗೆ. ಇಂಗ್ಲಿಷ್ ಓದಿದರೆ ಇದು ಜಾರಿಹೋಗುತ್ತೆ, ಕನ್ನಡ ಓದೋ ಅಜ್ಜಿಗೆ ಸಿಗುತ್ತೆ. ಹಲ್ಲೆಲೂಯ! ಹಾಗೇ ಯೆರೆಮೀಯ 29:11. ನಿಮ್ಮಲ್ಲಿ ಅರ್ಧ ಜನರ ಫೋನಿನ ಮುಖಪುಟದಲ್ಲಿ ಅದು ಇಂಗ್ಲಿಷಿನಲ್ಲಿ ಇದೆ, ಕೆಲಸ ಸಿಗುತ್ತೆ, ವೀಸಾ ಆಗುತ್ತೆ ಅಂತ. ಕನ್ನಡದಲ್ಲಿ ಅದು "ನಿಮ್ಮ" ವಿಷಯ, "ನಿನ್ನ" ವಿಷಯ ಅಲ್ಲ. ಬಾಬೆಲಿಗೆ ಸೆರೆ ಹೋದ ಇಡೀ ಜನಾಂಗಕ್ಕೆ ಬರೆದ ಪತ್ರ ಅದು. ಹಿಂದಿನ ವಚನ ಓದಿ, ಎಪ್ಪತ್ತು ವರ್ಷ ಅಂತ ಇದೆ. ಆ ಪತ್ರ ಕೇಳಿದ ಎಷ್ಟೋ ಜನ ಬಾಬೆಲಿನಲ್ಲೇ ಮಣ್ಣಾದರು. ವಾಗ್ದಾನ ನಿಜ, ದೇವರು ನಂಬಿಗಸ್ತ. ಆದರೆ ವಚನವನ್ನ ಅದರ ಮನೆಯಲ್ಲೇ ಹೋಗಿ ಭೇಟಿ ಮಾಡಿ.

ಈಗ ನಮ್ಮ ಪೆಂತೆಕೋಸ್ತಿನವರಿಗೆ ಹತ್ತಿರದ ವಿಷಯಕ್ಕೆ ಬರ್ತೀನಿ. ಅ.ಕೃ. 2:4ರಲ್ಲಿ ನಮ್ಮ ಹಳೆಯ ಅನುವಾದದಲ್ಲಿ "ಭಾಷೆ" ಅಂತ ಇದೆ. 1 ಕೊರಿಂಥ 14ರಲ್ಲಿ "ವಾಣಿ" ಅಂತ ಇದೆ. ಎರಡೂ ಬೇರೆ ಬೇರೆ ವರ ಅಂತ ವಾದ ಮಾಡಿದವರನ್ನ ನೋಡಿದ್ದೀನಿ. ಗ್ರೀಕಿನಲ್ಲಿ ಎರಡು ಕಡೆಯೂ ಒಂದೇ ಪದ, ಗ್ಲಾಸ್ಸ. ನಾಲಿಗೆಗೂ ಅದೇ, ಭಾಷೆಗೂ ಅದೇ. ಎರಡು ಕಡೆ ನಡೆದದ್ದು ಒಂದೇನಾ ಬೇರೆನಾ ಅನ್ನೋದನ್ನ ಇಡೀ ಅಧ್ಯಾಯ ಓದಿ ಚರ್ಚೆ ಮಾಡೋಣ, ಕನ್ನಡದ ಎರಡು ಪದ ನೋಡಿ ತೀರ್ಪು ಕೊಡೋದು ಬೇಡ. ಇಂಗ್ಲಿಷ್ ಕಿಂಗ್ ಜೇಮ್ಸ್‌ನಲ್ಲಿ ಇದೇ ಅಧ್ಯಾಯದಲ್ಲಿ "ಅನ್‌ನೋನ್" ಅಂತ ಒಂದು ಪದ ವಾಲಿದ ಅಕ್ಷರದಲ್ಲಿ ಇದೆ. ವಾಲಿದ ಅಕ್ಷರ ಅಂದರೆ ಅದು ಮೂಲದಲ್ಲಿಲ್ಲ, ಅರ್ಥಕ್ಕಾಗಿ ಸೇರಿಸಿದ್ದೀವಿ ಅಂತ ಅವರೇ ಪ್ರಾಮಾಣಿಕವಾಗಿ ಗುರುತು ಹಾಕಿದ್ದಾರೆ.

ಯೋಹಾನ 14:16ರಲ್ಲಿ ಪವಿತ್ರಾತ್ಮನಿಗೆ ಯೇಸು ಕೊಟ್ಟ ಹೆಸರು ಪಾರಾಕ್ಲೇತೋಸ್. ಪಕ್ಕಕ್ಕೆ ಕರೆಯಲ್ಪಟ್ಟವನು ಅಂತ ಆ ಪದದ ಕಟ್ಟು. ಒಂದು ಕನ್ನಡ ಅನುವಾದದಲ್ಲಿ "ಸಹಾಯಕ", ಇನ್ನೊಂದರಲ್ಲಿ "ಆದರಿಕ". ಇಂಗ್ಲಿಷಿನಲ್ಲಿ ಕಂಫರ್ಟರ್, ಹೆಲ್ಪರ್, ಕೌನ್ಸಿಲರ್, ಅಡ್ವೊಕೇಟ್. ಯಾವುದು ಸರಿ? ಆಸ್ಪತ್ರೆಯ ಹಾಸಿಗೆ ಪಕ್ಕ ರಾತ್ರಿಯೆಲ್ಲ ಕೂತಿರೋರು ಒಬ್ಬರು, ಕೋರ್ಟಿನಲ್ಲಿ ನಮ್ಮ ಪರ ಎದ್ದು ನಿಲ್ಲೋರು ಒಬ್ಬರು, ತಲೆ ಮೇಲಿನ ಹೊರೆಗೆ ಕೈ ಕೊಡೋರು ಒಬ್ಬರು. ಆತನು ಇವರೆಲ್ಲರೂ ಹೌದು. 1 ಯೋಹಾನ 2:1ರಲ್ಲಿ ಅದೇ ಪದ ಯೇಸುವಿಗೇ ಬಂದಿದೆ. ಅದಕ್ಕೇ ಆತನು "ಬೇರೊಬ್ಬ" ಅಂದದ್ದು. ಒಂದೇ ಅನುವಾದ ಓದಿದ್ದರೆ ಇದರಲ್ಲಿ ಒಂದು ಮುಖ ಮಾತ್ರ ನೋಡಿರ್ತಿದ್ದಿರಿ.

"ವಚನ ತೆಗೆದುಹಾಕಿದ್ದಾರೆ" ಅಂತ ವಾಟ್ಸಾಪಿನಲ್ಲಿ ಬರುತ್ತಲ್ಲ, ಅದರ ಬಗ್ಗೆಯೂ ಹೇಳಿಬಿಡ್ತೀನಿ. ಹೊಸ ಒಡಂಬಡಿಕೆಗೆ ವಚನಸಂಖ್ಯೆ ಹಾಕಿದ್ದು 1551ರಲ್ಲಿ, ರೋಬೇರ್ ಎತಿಯೆನ್ ಅನ್ನೋ ಮುದ್ರಕ. ಆಗ ಕೈಲಿದ್ದ ಗ್ರೀಕ್ ಪ್ರತಿಗಳಿಗೆ ತಕ್ಕ ಹಾಗೆ ಹಾಕಿದ. ಆಮೇಲೆ ಇನ್ನೂ ತುಂಬಾ ಹಳೆಯ, ನಾಲ್ಕನೇ ಶತಮಾನದ ಪ್ರತಿಗಳು ಅಧ್ಯಯನಕ್ಕೆ ಸಿಕ್ಕವು. ಸಿನಾಯ್ ಬೆಟ್ಟದ ಮಠದಲ್ಲಿ ಸಿಕ್ಕ ಪ್ರತಿ 1611ರಲ್ಲಿ ಕಿಂಗ್ ಜೇಮ್ಸ್ ಮಾಡಿದವರ ಕೈಲಿ ಇರಲಿಲ್ಲ. ಅಂಥ ಪ್ರತಿಗಳಲ್ಲಿ ಅ.ಕೃ. 8:37 ಇಲ್ಲ. ಹಾಗಾಗಿ ಕೆಲವು ಬೈಬಲ್‌ಗಳಲ್ಲಿ 36 ಆದ ಮೇಲೆ 38 ಬರುತ್ತೆ, ಕೆಳಗೆ ಟಿಪ್ಪಣಿ ಇರುತ್ತೆ. ಯಾರೂ ಕದ್ದಿಲ್ಲ. ಮಾರ್ಕ 16ರ ಕೊನೆಯ ಹನ್ನೆರಡು ವಚನಗಳಿಗೂ ಇದೇ ಪ್ರಶ್ನೆ ಇದೆ, ಅದರಲ್ಲೇ ನಮಗೆ ಪ್ರಿಯವಾದ ಸೂಚಕಕಾರ್ಯಗಳ ಮಾತಿದೆ. ಇದನ್ನ ನಿಮ್ಮಿಂದ ಬಚ್ಚಿಡೋಕೆ ನನಗೆ ಇಷ್ಟ ಇಲ್ಲ. ನಾನು ಆ ಭಾಗ ಓದ್ತೀನಿ, ಪ್ರಸಂಗವನ್ನೂ ಮಾಡ್ತೀನಿ. ಆದರೆ ಆತ್ಮನ ವರಗಳ ಬೋಧನೆ ಅದೊಂದರ ಮೇಲೆ ನಿಂತಿಲ್ಲ. ಅ.ಕೃ. 2, 10, 19 ಇದೆ, 1 ಕೊರಿಂಥ 12ರಿಂದ 14 ಇದೆ. ಹಾವು ಹಿಡಿಯೋಕೆ ಮಾತ್ರ ಯಾರೂ ಹೋಗಬೇಡಿ.

ಕಿಂಗ್ ಜೇಮ್ಸ್ ಒಂದೇ ಸರಿ ಅನ್ನೋ ಯೌವನಸ್ಥರಿಗೆ ಒಂದೇ ಮಾತು. ಅದನ್ನ ಮಾಡಿದವರೇ ಮುನ್ನುಡಿಯಲ್ಲಿ ಹಲವು ಅನುವಾದಗಳು ಇರೋದು ಅರ್ಥ ತಿಳಿಯೋಕೆ ಒಳ್ಳೆಯದು ಅಂತ ಬರೆದಿದ್ದಾರೆ. 1 ಥೆಸಲೋನಿಕ 4:15ರಲ್ಲಿ ಅವರ "ಪ್ರಿವೆಂಟ್" ಅಂದರೆ ತಡೆಯೋದಲ್ಲ, ಮುಂಚೆ ಹೋಗೋದು. ಆ ಇಂಗ್ಲಿಷ್ ಈಗ ಯಾರ ಮನೆಯಲ್ಲೂ ಆಡಲ್ಲ.

ಹಾಗಾದರೆ ಆರಿಸೋದು ಹೇಗೆ? ಬೈಬಲ್ ಅಂಗಡಿಗೆ ಹೋದಾಗ ಹೊದಿಕೆ, ಜಿಪ್ಪು ನೋಡೋ ಮೊದಲು ಗಲಾತ್ಯ 3 ತೆಗೆದು ನಿಂತಲ್ಲೇ ಮೆಲ್ಲಗೆ ಬಾಯಿಬಿಟ್ಟು ಓದಿ. ಪುಸ್ತಕ ಮುಚ್ಚಿ. ಮನೆಯಲ್ಲಿ ಹತ್ತು ವರ್ಷದ ಮಗುವಿಗೆ ನಿಮ್ಮ ಮಾತಿನಲ್ಲಿ ಹೇಳೋಕೆ ಬಂದರೆ ದಿನಾ ಓದೋಕೆ ಅದು ನಿಮ್ಮ ಬೈಬಲ್. ಬರದಿದ್ದರೆ ಅದು ಎಷ್ಟೇ ಒಳ್ಳೆಯದಾದರೂ ನಿಮಗೆ ಎರಡನೆಯದು. ಆದರೆ ಎರಡನೆಯದು ಬೇಕೇ ಬೇಕು. ಸುಲಭದ್ದು ಓದೋರು ಜೆ.ವಿ. ಪಕ್ಕದಲ್ಲಿ ಇಟ್ಟುಕೊಳ್ಳಿ, ಜೆ.ವಿ. ಓದೋರು ಸುಲಭದ್ದು ಇಟ್ಟುಕೊಳ್ಳಿ. ಒಂದು ವಚನ ಹಿಡಿದು ಮದುವೆ, ಮನೆ, ಸಾಲ, ಮಾತ್ರೆ ನಿಲ್ಲಿಸೋದು ಅಂತ ಏನಾದರೂ ದೊಡ್ಡ ತೀರ್ಮಾನ ಮಾಡೋ ಮುಂಚೆ ಆ ವಚನವನ್ನ ಕಡಿಮೆ ಅಂದರೆ ಎರಡು ಅನುವಾದದಲ್ಲಿ ಓದಿ, ಹಿಂದೆ ಮುಂದೆ ಒಂದೊಂದು ಅಧ್ಯಾಯ ಓದಿ, ಆಮೇಲೂ ಒಬ್ಬರ ಹತ್ತಿರ ಮಾತಾಡಿ. ಸ್ಟಡಿ ಬೈಬಲ್ ಇರೋರಿಗೆ: ಗೆರೆಯ ಕೆಳಗಿರೋದು ಮನುಷ್ಯರ ಟಿಪ್ಪಣಿ, ಅದಕ್ಕೆ ಆಮೆನ್ ಹೇಳಲೇಬೇಕು ಅಂತಿಲ್ಲ.

ಕೂಟದಲ್ಲಿ ಒಟ್ಟಾಗಿ ಓದೋಕೆ ಜೆ.ವಿ. ಇಟ್ಟುಕೊಳ್ಳೋಣ, ಎಲ್ಲರ ಬಾಯಲ್ಲಿ ಒಂದೇ ಮಾತು ಬರೋದಕ್ಕೆ. ಮನೆಯಲ್ಲಿ ಯಾರು ಏನು ಓದ್ತಾರೆ ಅಂತ ಇನ್ನು ಮೇಲೆ ಯಾರ ಫೋನನ್ನೂ ಕಸಿದು ನೋಡಬೇಡಿ.

ಮುಂದಿನ ಬುಧವಾರ ಕೊರಿಂಥ ಅಲ್ಲ, ಗಲಾತ್ಯ 3. ಪ್ರತಿಯೊಬ್ಬರೂ ಎರಡು ಅನುವಾದ ತನ್ನಿ, ಫೋನಿನಲ್ಲಾದರೂ ಸರಿ. ಹದಿಮೂರನೇ ವಚನವನ್ನ ಜೋರಾಗಿ ಓದೋರು ಯಾರು ಅಂತ ಈಗಾಗಲೇ ತೀರ್ಮಾನ ಆಗಿದೆ. ಅವರೇ ಹೇಳಿದ್ದಾರೆ, "ಈ ಸಲ ಕನ್ನಡಕ ಹಾಕ್ಕೊಂಡೇ ಬರ್ತೀನಿ ಪಾಸ್ಟರ್" ಅಂತ.

ಎದ್ದು ನಿಲ್ಲೋಣ, ಪ್ರಾರ್ಥಿಸೋಣ.